ಇಂಗ್ಲೆಂಡಿನಲ್ಲಿ ಮೂಳೆ ಪರೀಕ್ಷೆ: ಹಳೇ ಪೆಟ್ಟನ್ನೂ ಜಿಪಿಗೆ ಹೇಳಿ

ಮಂಡಿ ನೋವಿಗೂ ನಾವು ‘ಮೂಳೆ ಸವೆತ’ ಅಂತಲೇ ಅನ್ನುತ್ತೇವೆ, ಅಲ್ವಾ? ಕೀಲು ಸವೆಯುವುದು ಬೇರೆ, ಮೂಳೆ ಒಳಗೊಳಗೇ ಟೊಳ್ಳಾಗುವುದು ಬೇರೆ. ಈ ಎರಡನೆಯದೇ ಆಸ್ಟಿಯೊಪೊರೋಸಿಸ್. ಮೂಳೆ ಮುರಿಯುವ ತನಕ ನೋವೇ ಇರುವುದಿಲ್ಲ.

ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಇದಕ್ಕೆ ಮೊದಲ ಬಾಗಿಲು ಜಿಪಿ, ಅಂದರೆ ನಿಮ್ಮ ಮಾಮೂಲಿ ಡಾಕ್ಟರು. ಹೋದ ತಕ್ಷಣ ಸ್ಕ್ಯಾನಿಗೆ ಬರೆದುಕೊಡುತ್ತಾರೆ ಅಂದುಕೊಳ್ಳಬೇಡಿ. ಮೊದಲು ಪ್ರಶ್ನೆ ಕೇಳುತ್ತಾರೆ. ನಿಮ್ಮ ಉತ್ತರಗಳನ್ನು ಫ್ರಾಕ್ಸ್ ಎಂಬ ಲೆಕ್ಕಕ್ಕೆ ಹಾಕಿ, ಮುಂದಿನ 10 ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ ಎಷ್ಟು ಅಂತ ನೋಡುತ್ತಾರೆ. ನಾವು ಎಡವುವುದೇ ಇಲ್ಲಿ. ‘ಏನಿಲ್ಲ, ಆರಾಮಾಗಿದೀನಿ’ ಅಂದುಬಿಡುತ್ತೇವೆ. ಊರಲ್ಲಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದದ್ದು ಇಲ್ಲಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಅಪ್ಪನಿಗೋ ಅಮ್ಮನಿಗೋ ಸೊಂಟದ ಮೂಳೆ ಮುರಿದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಉಬ್ಬಸಕ್ಕೆ ತಿಂಗಳುಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆ, 45ಕ್ಕೂ ಮೊದಲೇ ನಿಂತ ಮುಟ್ಟು, ಎಲ್ಲವನ್ನೂ ಹೇಳಿ. ಅಮ್ಮನಿಗೆ ಇಂಗ್ಲಿಷ್ ಕಷ್ಟವಾದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ದುಭಾಷಿ ಬೇಕು ಅನ್ನಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಗನೇ ದುಭಾಷಿಯಾದರೆ ಅವನ ಮುಂದೆ ಮುಟ್ಟಿನ ವಿಷಯ ಯಾರು ಬಾಯಿ ಬಿಡುತ್ತಾರೆ?

ಅಗತ್ಯ ಕಂಡರೆ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಎಕ್ಸ್-ರೇ. ಸುಮ್ನೆ ಮಲಗಿದರೆ ಆಯಿತು. ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ, ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್.

ಸಾಮಾನ್ಯವಾಗಿ ಮೊದಲು ಕೊಡುವುದು ಅಲೆಂಡ್ರೊನಿಕ್ ಆಸಿಡ್, ವಾರಕ್ಕೊಂದು 70 ಮಿಲಿಗ್ರಾಂ ಮಾತ್ರೆ. ಇದರ ಮಡಿ ಜಾಸ್ತಿ! ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಕೂತಿರಿ ಅಥವಾ ಓಡಾಡಿ, ಮಲಗಿದರೆ ಅನ್ನನಾಳ ಸುಟ್ಟೀತು. ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಲ್ಲ ಆಮೇಲೆಯೇ. ಹುಳುಕು ಹಲ್ಲಿದ್ದರೆ ಮಾತ್ರೆ ಶುರು ಮಾಡುವ ಮೊದಲು ಡೆಂಟಿಸ್ಟಿಗೆ ತೋರಿಸಿಬಿಡಿ. 60 ತುಂಬಿದವರಿಗೆ ಔಷಧಿ ಉಚಿತ.

ನಮ್ಮ ಕಂದುಬಣ್ಣದ ಚರ್ಮಕ್ಕೆ ಇಲ್ಲಿಯ ಬಿಸಿಲು ಸಾಲದು. ವರ್ಷಪೂರ್ತಿ ದಿನಕ್ಕೆ 10 ಮೈಕ್ರೊಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಅನ್ನುತ್ತದೆ ಸರ್ಕಾರವೇ.

ಅಲೆಂಡ್ರೊನಿಕ್ ಮಾತ್ರೆ ಒಗ್ಗದವರಿಗೆ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಇದೆ, 6 ತಿಂಗಳಿಗೊಮ್ಮೆ ಡೆನೊಸುಮಾಬ್ ಇಂಜೆಕ್ಷನ್ ಇದೆ. ಡೆನೊಸುಮಾಬ್ ತಗೊಳ್ಳುವವರು ಊರಿಗೆ ಟಿಕೆಟ್ ಮಾಡಿಸುವ ಮುಂಚೆ ಮುಂದಿನ ಇಂಜೆಕ್ಷನ್ ತಾರೀಖು ನೋಡಿಕೊಳ್ಳಿ. ತಡವಾದರೆ ಅಥವಾ ನಿಲ್ಲಿಸಿದರೆ ಬೆನ್ನುಮೂಳೆ ಕುಸಿಯುವ ಅಪಾಯವಿದೆ. ಮೂರು ತಿಂಗಳು ಊರಲ್ಲಿರುವುದಾದರೆ ಜಿಪಿ ಕ್ಲಿನಿಕ್ಕಿಗೆ ಮೊದಲೇ ತಿಳಿಸಿ.