ಒಂದು ಬೆಳಿಗ್ಗೆಗೆ ಒಂದೇ ಕೇರಿ: ಮಕ್ಕಳ ಜೊತೆ ಬಾರ್ಕೂರು ಸುತ್ತೋದು

ಬಾರ್ಕೂರಿಗೆ ಕಾರಲ್ಲಿ ಹೋಗಿ ಎರಡು ಗಂಟೆಯೊಳಗೆ ಇದ್ದಬದ್ದ ದೇವಸ್ಥಾನ ಎಲ್ಲ ನೋಡಿ ಫೋಟೋ ತೆಗೆದು ವಾಪಸ್ ಬರುವವರು ತುಂಬ ಜನ ಇದ್ದಾರೆ. ಅವರಿಗೆ ಅದು ಸರಿ ಇರಬಹುದು. ಆದ್ರೆ ಸಣ್ಣ ಮಕ್ಕಳನ್ನು ಕರ್ಕೊಂಡು ಹಾಗೆ ಹೋದ್ರೆ ಮೂರನೇ ದೇವಸ್ಥಾನ ಬರೋಷ್ಟರಲ್ಲಿ "ಅಮ್ಮಾ ಇನ್ನೆಷ್ಟುಂಟು" ಶುರು ಆಗ್ತದೆ, ಆಮೇಲೆ ಯಾವ ಶಾಸನ ತೋರಿಸಿದ್ರೂ ಅವಕ್ಕೆ ಬೇಡ. ನಾವು ಹೋಗುವ ಕ್ರಮ ಬೇರೆ. ಒಂದು ಬೆಳಿಗ್ಗೆಗೆ ಒಂದು ಕೇರಿ, ಮೂಡ್ ಇದ್ರೆ ಎರಡು, ಅದಕ್ಕಿಂತ ಜಾಸ್ತಿ ಇಲ್ಲವೇ ಇಲ್ಲ. ನೋಡ್ಲಿಕ್ಕೆ ಬಾಕಿ ಉಳಿದದ್ದು ಉಳೀಲಿ, ಇಡೀ ಊರು ಹೇಗೂ ಉಡುಪಿಯಿಂದ 15-16 ಕಿಲೋಮೀಟರು, ಓಡಿ ಹೋಗುದಿಲ್ಲ.

ಬಾರ್ಕೂರು ನಡೀಲಿಕ್ಕೆ ಹೇಳಿ ಮಾಡಿಸಿದ ಊರು. ಹಿಂದೆ ತುಳುನಾಡು ಆಳಿದ ಅಳುಪ ಅರಸರ ರಾಜಧಾನಿ, ಆಮೇಲೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯ ಅಂತಲೇ ಒಂದು ಪ್ರಾಂತ್ಯ, ಈಗ ನೋಡಿದ್ರೆ ತೆಂಗಿನ ತೋಟ, ಗದ್ದೆ, ಓಣಿ, ಒಂದು ಪೇಟೆ ಅಷ್ಟೇ. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಹೀಗೆ ಊರು ಕೇರಿ ಕೇರಿಯಾಗಿ ಹರಡಿದೆ, ಒಂದು ಕೇರಿಯಿಂದ ಇನ್ನೊಂದಕ್ಕೆ ಮಧ್ಯ ಗದ್ದೆ ಬರ್ತದೆ ಅಥವಾ ಮುರಕಲ್ಲಿನ ಪಾಗಾರದ ನಡುವೆ ಓಣಿ ಬರ್ತದೆ, ಓಣಿಯಲ್ಲಿ ವಾಹನ ಕಡಿಮೆ, ನೆರಳು ಜಾಸ್ತಿ. ದೇವಸ್ಥಾನ ಇಲ್ಲದ ಕೇರಿಯೇ ಇಲ್ಲ ಅನ್ಬಹುದು. ಹಿಂದೆ 365 ದೇವಸ್ಥಾನ ಇತ್ತು, ದಿನಕ್ಕೊಂದು ಅಂತ ಎಲ್ಲರೂ ಹೇಳುವ ಮಾತು. ಅದನ್ನು ಮಕ್ಕಳಿಗೆ ಮೊದಲೇ ಹೇಳ್ಬೇಡಿ, ಲೆಕ್ಕ ಹಾಕ್ಲಿಕ್ಕೆ ಕೂರ್ತಾರೆ.

ನಮ್ಮ ಪಾರ್ಟಿ ಅಂದ್ರೆ ನಾನು, ಗಂಡ, ಮೂರನೇ ಕ್ಲಾಸಿನ ಮಗಳು, ಯುಕೆಜಿ ಮಗ, ಮತ್ತೆ ಮೊಣಗಂಟು ನೋವಿನ ಅತ್ತೆ. ಈ ಐದು ಜನರಲ್ಲಿ ನಡಿಗೆಯ ಸ್ಪೀಡ್ ಡಿಸೈಡ್ ಮಾಡುದು ಯಾವಾಗಲೂ ಸಣ್ಣವ. ಅತ್ತೆ ಅಲ್ಲ. ಅತ್ತೆಗೆ ನಡೀಲಿಕ್ಕೆ ಕಷ್ಟ ಇಲ್ಲ, ಕೂತು ಏಳ್ಲಿಕ್ಕೆ ಕಷ್ಟ, ಹಾಗಾಗಿ ಕಟ್ಟೆ ಎಲ್ಲೆಲ್ಲಿ ಉಂಟು ಅಂತ ನೋಡಿಟ್ಟುಕೊಂಡ್ರೆ ಆಯ್ತು, ಅಶ್ವತ್ಥ ಕಟ್ಟೆ, ದೇವಸ್ಥಾನದ ಜಗಲಿ, ಏನಾದ್ರೂ ಸಿಕ್ಕಿಯೇ ಸಿಗ್ತದೆ. ಬಸ್ಸಲ್ಲಿ ಹೋಗುದಾದ್ರೆ ಬ್ರಹ್ಮಾವರದ ಮೇಲೆ ಬಾರ್ಕೂರಿಗೆ ಲೋಕಲ್ ಬಸ್ ಉಂಟು. ಕೊಂಕಣ ರೈಲ್ವೆಯ ಬಾರ್ಕೂರು ಸ್ಟೇಷನ್ ಕೂಡ ಉಂಟು, ಪ್ಯಾಸೆಂಜರ್ ಗಾಡಿಯಲ್ಲಿ ಬಂದಿಳಿದ್ರೆ ಮಕ್ಕಳಿಗೆ ಅರ್ಧ ಟ್ರಿಪ್ಪು ಅಲ್ಲಿಗೇ ಮುಗಿದ ಹಾಗೆ ಖುಷಿ, ಆದ್ರೆ ಟೈಮಿಂಗ್ ಬೆಳಿಗ್ಗೆ ಬೇಗ ನಡೀಲಿಕ್ಕೆ ಹೊಂದ್ಬೇಕಲ್ಲ, ಅದು ನೋಡ್ಕೊಳ್ಳಿ.

ಟೈಮ್ ವಿಷಯ ಮುಖ್ಯ. ಏಳು ಗಂಟೆಗೆ ಕಾಲು ನೆಲದಲ್ಲಿ ಇರ್ಬೇಕು, ಹತ್ತಕ್ಕೆ ಮುಗಿಸ್ಬೇಕು. ನಮ್ಮ ಕರಾವಳಿಯಲ್ಲಿ ಬಿಸಿಲಿಗಿಂತ ಸೆಕೆ ದೊಡ್ಡ ಸಮಸ್ಯೆ, ಡಿಸೆಂಬರಲ್ಲೂ ಹತ್ತೂವರೆ ನಂತರ ಮಕ್ಕಳ ಮುಖ ಕೆಂಪಾಗ್ತದೆ. ಅದಲ್ಲದೆ ಮಧ್ಯಾಹ್ನ ಪೂಜೆ ಆದ ಮೇಲೆ ದೇವಸ್ಥಾನಗಳ ಬಾಗಿಲು ಹಾಕ್ತಾರೆ, ಇನ್ನು ಸಂಜೆಯೇ. ತಿಂಗಳು ಅಂದ್ರೆ ನವೆಂಬರ್ ಕೊನೆಯಿಂದ ಫೆಬ್ರವರಿ. ಕಾರ್ತಿ ಬೆಳೆ ಕೊಯ್ಲಾಗಿ ಗದ್ದೆ ಒಣಗಿರ್ತದೆ, ಕೂಳೆ ಮೇಲೆ ಮಕ್ಕಳು ಓಡ್ಬಹುದು. ಆದ್ರೆ ಕೊಯ್ಲಾದ ಗದ್ದೆ ಎಲ್ಲ ಖಾಲಿ ಅಂತ ತಿಳ್ಕೊಳ್ಬೇಡಿ. ಈ ಬದಿಯಲ್ಲಿ ಭತ್ತ ಆದ ಮೇಲೆ ಉದ್ದು, ನೆಲಗಡಲೆ ಹಾಕ್ತಾರೆ, ಮೊಳಕೆ ಬಂದ ಹೊಸತರಲ್ಲಿ ದೂರದಿಂದ ಗೊತ್ತೇ ಆಗುದಿಲ್ಲ. ಹಾಗಾಗಿ ನಮ್ಮಲ್ಲಿ ರೂಲ್ ಒಂದೇ, ಹಸಿರು ಚುಕ್ಕೆ ಕಂಡ್ರೆ ಹುಣಿ (ಗದ್ದೆಯ ಬದು) ಮೇಲೆ, ಒಬ್ಬರ ಹಿಂದೆ ಒಬ್ಬರು. ದಣಪೆ (ಬೇಲಿ ಬಾಗಿಲಿನ ಅಡ್ಡಮರ) ತೆಗೆದು ಒಳಗೆ ಹೋದ್ರೆ ವಾಪಸ್ ಹಾಕಿಯೇ ಮುಂದೆ ಹೋಗುದು, ಇಲ್ಲಾಂದ್ರೆ ದನ ನುಗ್ಗಿ ಯಾರದ್ದೋ ಉದ್ದು ಹಾಳು. ಈ ಡ್ಯೂಟಿ ಸಣ್ಣವನಿಗೆ ಕೊಟ್ಟಿದ್ದೇವೆ, ದೊಡ್ಡ ಗತ್ತಲ್ಲಿ ಮಾಡ್ತಾನೆ.

ಶುರು ಮಾಡುದಾದ್ರೆ ಕತ್ತಲೆ ಬಸದಿಯಿಂದ ಮಾಡಿ. ಇಲ್ಲಿ ಪೂಜೆ ಇಲ್ಲ, ಅರ್ಚಕರಿಲ್ಲ, ಹುಲ್ಲಿನ ನೆಲ, ಕಲ್ಲಿನ ಗುಡಿಗಳು, ಮಕ್ಕಳು ಸ್ವಲ್ಪ ಜೋರು ಮಾತಾಡಿದ್ರೂ ಯಾರೂ ಕಣ್ಣು ಬಿಡುದಿಲ್ಲ. ನಾನು ಮಕ್ಕಳಿಗೆ ಮೊದಲು ತೋರಿಸಿದ್ದು ಮೂರ್ತಿ ಅಲ್ಲ, ಮಾಡು, ಅಂದ್ರೆ ಸೂರು. ಇಳಿಜಾರಾಗಿ ಇಟ್ಟ ಶಿಲೆಕಲ್ಲಿನ ದೊಡ್ಡ ದೊಡ್ಡ ಚಪ್ಪಡಿ, ಎರಡು ಚಪ್ಪಡಿ ಸೇರುವ ಸಂದಿನ ಮೇಲೆ ಉದ್ದಕ್ಕೆ ಇನ್ನೊಂದು ಕಲ್ಲಿನ ಪಟ್ಟಿ. ಯಾಕೆ ಹೀಗೆ ಅಂತ ಕೇಳಿದ್ರೆ ಮಗಳು ಸ್ವಲ್ಪ ಹೊತ್ತು ನೋಡಿ "ನೀರು ಒಳಗೆ ಹೋಗ್ಬಾರ್ದು ಅಂತ" ಅಂದ್ಲು. ಅಷ್ಟೇ ವಿಷಯ. ವರ್ಷಕ್ಕೆ ನಾಲ್ಕು ತಿಂಗಳು ಸುರಿಯುವ ಮಳೆಗೆ ಮುಳಿಹುಲ್ಲಿನ ಮಾಡು, ಮರದ ಮಾಡು ಹೇಗೆ ಇಳಿಸ್ತಾರೋ ಅದನ್ನೇ ಕಲ್ಲಲ್ಲಿ ಇಳಿಸಿದ್ದಾರೆ. ಮೂಡುಬಿದಿರೆ, ಭಟ್ಕಳದ ಕಡೆ ಹೋದ್ರೂ ಇದೇ ತರದ ಮಾಡು ಕಾಣ್ತದೆ. ಗೋಪುರ ಏರಿಸಿ ಶಿಖರ ಕಟ್ಟುವ ಘಟ್ಟದ ಮೇಲಿನ ದೇವಸ್ಥಾನ ನೋಡಿದವರಿಗೆ ಇದು ಗಿಡ್ಡ ಅನಿಸ್ಬಹುದು, ನನಗಂತೂ ಇದರಷ್ಟು ಬುದ್ಧಿ ಇರುವ ಕಟ್ಟಡ ಬೇರೆ ಕಾಣುದಿಲ್ಲ.

ಆಮೇಲೆ ಶಾಸನದ ಕಲ್ಲು. ಓದ್ಲಿಕ್ಕೆ ನಮಗೂ ಬರುದಿಲ್ಲ, ಹಳೆ ಲಿಪಿ. ಆದ್ರೆ ಕಲ್ಲಿನ ತಲೆಯಲ್ಲಿ ಸೂರ್ಯ ಚಂದ್ರ ಕೆತ್ತಿರ್ತಾರಲ್ಲ, ಕೊಟ್ಟ ದಾನ ಸೂರ್ಯ ಚಂದ್ರ ಇರುವಲ್ಲಿವರೆಗೆ ನಡೀಬೇಕು ಅಂತ, ಅದನ್ನು ಹುಡುಕುದೇ ಆಟ. ಯಾರು ಮೊದಲು ಚಂದ್ರನನ್ನು ಕಂಡ್ರೋ ಅವರಿಗೆ ಒಂದು ಪಾಯಿಂಟು, ದನ ಕಂಡ್ರೆ ಎರಡು. ಒಂದೇ ಬಸದಿ ಅಂತಲ್ಲ, ಯಾವ ಕೇರಿಗೆ ಹೋದ್ರೂ ಈ ಆಟ ನಡೀತದೆ, ಬಾರ್ಕೂರಲ್ಲಿ ಶಾಸನಕ್ಕೆ ಬರಗಾಲ ಇಲ್ಲ. ಬೆಳಿಗ್ಗೆ ಬೇಗ ಹೋಗ್ಲಿಕ್ಕೆ ಇನ್ನೊಂದು ಕಾರಣ ಇದೇ, ಓರೆ ಬಿಸಿಲು ಬಿದ್ದಾಗ ಅಕ್ಷರ ಎದ್ದು ಕಾಣ್ತದೆ, ನೆತ್ತಿಗೆ ಸೂರ್ಯ ಬಂದ್ರೆ ಅದೇ ಕಲ್ಲು ಬೋಳು. ಮೋಡ ಇದ್ರೆ ಮೊಬೈಲ್ ಟಾರ್ಚನ್ನು ಕಲ್ಲಿನ ಬದಿಯಿಂದ ಹಿಡೀರಿ. ಚಾಕ್‌ಪೀಸು, ಹಿಟ್ಟು ಎಲ್ಲ ಉಜ್ಜಿ ಫೋಟೋ ತೆಗೆಯುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ, ಕಲ್ಲಿಗೆ ಅದು ಒಳ್ಳೇದಲ್ಲ.

ಕೋಟೆಕೇರಿ ಕಡೆ ನಡೀಲಿಕ್ಕೆ ಹೊರಟ್ರೆ ದಾರಿಯಲ್ಲಿ ಕಥೆ ಬೇಕಾಗ್ತದೆ, ಆ ಟೈಮಿಗೆ ಭೂತಾಳ ಪಾಂಡ್ಯ ಇಟ್ಕೊಂಡಿರಿ. ದೇವ ಪಾಂಡ್ಯ ಹಡಗು ಕಟ್ಟಿಸಿದ, ನೀರಿಗೆ ಇಳಿಸುವಾಗ ಕುಂಡೋದರ ಅಂತ ಭೂತ ನಿನ್ನ ಒಬ್ಬ ಮಗನನ್ನು ಬಲಿ ಕೊಡು ಅಂತು, ಹೆಂಡತಿ ಒಪ್ಲಿಲ್ಲ, ತಂಗಿ ತನ್ನ ಮಗ ಜಯ ಪಾಂಡ್ಯನನ್ನು ಕೊಡ್ತೇನೆ ಅಂದ್ಲು, ಭೂತಕ್ಕೆ ಮೆಚ್ಚಿಗೆ ಆಗಿ ಹುಡುಗನನ್ನು ಬಿಟ್ಟಿತು, ಅವನೇ ಮುಂದೆ ಭೂತಾಳ ಪಾಂಡ್ಯ ಆಗಿ ಬಾರ್ಕೂರು ಆಳಿದ, ಆಸ್ತಿ ಮಗನಿಗಲ್ಲ ಸೋದರಳಿಯನಿಗೆ ಅಂತ ಅಳಿಯಸಂತಾನ ಕಟ್ಟು ಮಾಡಿದ. ಇದು ಐತಿಹ್ಯ, ಚರಿತ್ರೆ ಅಂತ ಹೇಳ್ಲಿಕ್ಕೆ ಹೋಗ್ಬೇಡಿ. ಆದ್ರೆ ಅಳಿಯಕಟ್ಟು ಮಾತ್ರ ನಿಜವಾಗಿ ಇದ್ದದ್ದೇ, 1949ರಲ್ಲಿ ಮದ್ರಾಸ್ ಸರಕಾರ ಅದಕ್ಕೊಂದು ಕಾಯ್ದೆಯನ್ನೇ ಮಾಡಿತ್ತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಬದಲಾಯ್ತು. ನಮ್ಮ ಮಗಳ ಪ್ರಶ್ನೆ ಬೇರೆಯೇ, "ಆ ಅತ್ತೆ ಅವಳ ಮಗನ ಹತ್ರ ಕೇಳಿದ್ಲಾ?" ಅಂತ. ನನ್ನ ಅತ್ತೆ ಅದಕ್ಕೆ ಉತ್ತರ ಕೊಡ್ಲಿಕ್ಕೆ ಹೊರಟು ಅರ್ಧ ಓಣಿ ಕಳೆದುಹೋಯ್ತು, ಯಾರಿಗೂ ಕಾಲು ನೋವು ನೆನಪಾಗ್ಲಿಲ್ಲ.

ಇನ್ನೊಂದು ಕಥೆ ಇಬ್ನ್ ಬತೂತನದ್ದು. ಮೊರೊಕ್ಕೊದವ, 1342ರ ಆಸುಪಾಸಿಗೆ ಈ ಕರಾವಳಿಯಲ್ಲಿ ಹೋದವ, ಬಾರ್ಕೂರನ್ನು ಫಾಕನೂರ್ ಅಂತ ಬರೀತಾನೆ, ಹೊಳೆಬಾಯಿಯ ದೊಡ್ಡ ಊರು, ಇಲ್ಲಿನ ಕಬ್ಬಿನ ಹಾಗಿದ್ದ ಕಬ್ಬು ಈ ದೇಶದಲ್ಲಿ ಬೇರೆಲ್ಲೂ ಇಲ್ಲ ಅಂತ. ಈಗ ಕಬ್ಬೆಲ್ಲಿ ಅಂತ ಕೇಳಿದ್ರೆ ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ಮುಚ್ಚಿದ್ದೇ ಹಳೆ ಸುದ್ದಿ ಆಯ್ತು. 16ನೇ ಶತಮಾನದ ಶುರುವಿಗೆ ಬಂದ ಪೋರ್ಚುಗೀಸ ಬಾರ್ಬೋಸ ಇಲ್ಲಿಂದ ಹಡಗಲ್ಲಿ ಅಕ್ಕಿ ಹೋಗ್ತಿತ್ತು ಅಂತಾನೆ, ಅಕ್ಕಿ ಮಾತ್ರ ಈಗಲೂ ಉಂಟು, ಎದುರಿನ ಗದ್ದೆಯೇ ಸಾಕ್ಷಿ.

ಕೋಟೆಕೇರಿಯ ಪಂಚಲಿಂಗೇಶ್ವರ ದೊಡ್ಡ ದೇವಸ್ಥಾನ, ಪ್ರದಕ್ಷಿಣೆ ಹಾಕ್ಲಿಕ್ಕೇ ಸಾಕಷ್ಟು ಹೊತ್ತು ಬೇಕು, ತಂಪಿರ್ತದೆ, ಅತ್ತೆ ಇಲ್ಲಿ ಆರಾಮ. ಕೋಟೆ ಬಗ್ಗೆ ಮಾತ್ರ ಮಕ್ಕಳಿಗೆ ಜಾಸ್ತಿ ಆಸೆ ಹುಟ್ಟಿಸ್ಬೇಡಿ. ಚಿತ್ರದುರ್ಗ ಅಲ್ಲ ಇದು. ವಿಜಯನಗರದ ಹರಿಹರ ಕಟ್ಟಿಸಿದ್ದು ಅಂತಾರೆ, ಉಳಿದದ್ದು ಕುರುಹು, ತಳಪಾಯ, ಅಲ್ಲಲ್ಲಿ ಕಲ್ಲು. "ಕೋಟೆ ಎಲ್ಲಿ" ಅಂತ ಕೇಳಿದ ಸಣ್ಣವನಿಗೆ "ನೀನು ನಿಂತದ್ದೇ ಕೋಟೆ" ಅಂದೆವು, ಹತ್ತು ನಿಮಿಷ ಸೈನಿಕನಾಗಿದ್ದ, ಮುಗೀತು.

ಓಣಿಯಲ್ಲಿ ಹೋಗುವಾಗ ಮನೆಯವರು ಸಿಕ್ಕಿದ್ರೆ ನಾವೇ ಮೊದಲು ಮಾತಾಡ್ಸುದು. ಇದು ಬಹಳ ಕೆಲಸ ಮಾಡ್ತದೆ. ಸೀತಾನದಿಯ ಆಚೀಚೆ ತುಳು, ಕುಂದಾಪ್ರ ಕನ್ನಡ ಎರಡೂ ಕಲೆಸಿಹೋದ ಜಾಗ ಇದು, ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಜ್ಜ ಒಬ್ಬರು "ಹ್ವಾಯ್, ನಿಮ್ಗೆ ಎಲ್ಲಾಯ್ತ್?" ಅಂದ್ರು, ಉಡುಪಿ ಅಂದೆವು, ಗದ್ದೆ ದಾಟಿ ಹೋಗ್ಬಹುದಾ ಅಜ್ಜ ಅಂದ್ರೆ "ಅಡ್ಡಿಲ್ಲೆ" ಅಂದ್ರು, ಆಮೇಲೆ ಅವರೇ ತೋಡಿನ ಕಾಲುಸಂಕ ಗಟ್ಟಿ ಇಲ್ಲ, ಆ ಬದಿಯಿಂದ ಹೋಗಿ ಅಂತ ಬೇರೆ ದಾರಿ ತೋರಿಸಿದ್ರು. ಗೂಗಲ್ ಮ್ಯಾಪಿಗೆ ಸಂಕ ಗಟ್ಟಿ ಉಂಟಾ ಇಲ್ವಾ ಗೊತ್ತಿಲ್ಲ ಮಾರಾಯ್ರೆ. ನಾಗಬನ ಕಂಡ್ರೆ ಒಳಗೆ ಕಾಲಿಡ್ಲಿಕ್ಕಿಲ್ಲ, ಹೂ ಹಣ್ಣು ಕೀಳ್ಲಿಕ್ಕಿಲ್ಲ, ಇದು ಕರಾವಳಿ ಮಕ್ಕಳಿಗೆ ಹೇಳಿಕೊಡ್ಬೇಕಂತ ಇಲ್ಲ, ಬೆಂಗಳೂರಿಂದ ಬಂದ ಕಸಿನ್ಸ್ ಜೊತೆಗಿದ್ರೆ ಒಂದು ಮಾತು ಹೇಳಿ. ನಾಯಿ ಇದ್ದ ಮನೆ ಎದುರು ಓಡ್ಬಾರ್ದು, ಅಷ್ಟೇ.

ಹೊಳೆ ಬದಿಗೆ ನಾವು ಕಡಿಮೆ ಹೋಗುದು, ಹೋದ್ರೂ ಮಕ್ಕಳ ಕೈ ಬಿಡುದಿಲ್ಲ. ಸೀತಾನದಿ ಇಲ್ಲಿಂದ ಮುಂದೆ ಹೋಗಿ ಹಂಗಾರಕಟ್ಟೆ ಬಳಿ ಸ್ವರ್ಣೆ ಜೊತೆ ಸಮುದ್ರ ಸೇರ್ತದೆ, ಭರತದ ನೀರು ಮೇಲೆ ಏರ್ತದೆ, ಇಳಿತದಲ್ಲಿ ಕಂಡ ದಾರಿ ಭರತದಲ್ಲಿ ಇರುದಿಲ್ಲ. ಅಲ್ಲಿಯ ಮೀನುಗಾರರ ಹತ್ರ ಒಂದು ಮಾತು ಕೇಳಿ ಇಳೀರಿ. ಮಿಂಚುಳ್ಳಿ, ಬೆಳ್ಳಕ್ಕಿ ನೋಡ್ಲಿಕ್ಕೆ ಮೇಲಿನ ದಾರಿಯೇ ಸಾಕು, ನವಿಲಂತೂ ಗದ್ದೆಯಲ್ಲೇ ಸಿಗ್ತದೆ.

ಸಾಮಾನು ಜಾಸ್ತಿ ಬೇಡ. ಸ್ಟ್ರಾಲರ್ ತರ್ಬೇಡಿ, ಹುಣಿ ಮೇಲೆ ಅದನ್ನು ನೀವೇ ಹೊರ್ಬೇಕಾಗ್ತದೆ. ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್, ಯಾಕಂದ್ರೆ ಪ್ರತಿ ದೇವಸ್ಥಾನದಲ್ಲಿ ತೆಗೀಬೇಕು ಹಾಕ್ಬೇಕು, ಶೂ ಲೇಸ್ ಕಟ್ಟುದರಲ್ಲೇ ಬೆಳಗು ಹೋಗ್ತದೆ. ಫುಲ್ ಪ್ಯಾಂಟು ಹಾಕ್ಸಿ, ಒಣಹುಲ್ಲಲ್ಲಿ ಕಚ್ಚುವ ಉಣುಗು ಹುಳ ಇರ್ತದೆ, ಮನೆಗೆ ಬಂದು ಸ್ನಾನ ಮಾಡ್ಸುವಾಗ ಕಿವಿ ಹಿಂದೆ, ಕಂಕುಳು ನೋಡಿ. ತಿಂಡಿಗೆ ನಾವು ಮನೆಯಿಂದ ಒಗ್ಗರಣೆ ಅವಲಕ್ಕಿ ಒಯ್ತೇವೆ, ಮುಗಿಸಿ ಬರುವಾಗ ಪೇಟೆಯಲ್ಲಿ ಬೊಂಡ (ಎಳನೀರು), ಬನ್ಸು. ಬೇಗ ಕೊಟ್ರೆ ಮುಂದೆ ನಡೆಯುದಿಲ್ಲ, ಹಾಗಾಗಿ ಬನ್ಸ್ ಕೊನೆಗೇ.

ತಲೆನೋವಿನ ವಿಷಯ ಅಂದ್ರೆ ಟಾಯ್ಲೆಟ್. ಕೇರಿಗಳ ಮಧ್ಯ ಸಾರ್ವಜನಿಕ ವ್ಯವಸ್ಥೆ ಇದ್ದದ್ದು ನಾವು ಕಾಣ್ಲಿಲ್ಲ. ಬ್ರಹ್ಮಾವರದ ಹೋಟೆಲಲ್ಲಿ ಚಾ ಕುಡಿದು ಎಲ್ಲರನ್ನೂ ಕಳಿಸಿಯೇ ಮುಂದೆ ಹೋಗುದು, ಆಮೇಲೆ ಬೇಕಾದ್ರೆ ದೇವಸ್ಥಾನದ ಆಫೀಸಲ್ಲಿ ಕೇಳುದು, ಇಲ್ಲ ಅಂದವರು ಇಲ್ಲಿವರೆಗೆ ಯಾರೂ ಇಲ್ಲ. ಹುಡುಗರ ಕಥೆ ಹೇಗೋ ನಡೀತದೆ, ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ಇದೇ ನಡಿಗೆಯ ಲಿಮಿಟ್, ಕಿಲೋಮೀಟರ್ ಅಲ್ಲ.

ಮಳೆಗಾಲದಲ್ಲಿ ನಾವು ಹೋಗುದಿಲ್ಲ. ಗದ್ದೆ ನೋಡ್ಲಿಕ್ಕೆ ಚಂದ ಹೌದು, ಆದ್ರೆ ಹುಣಿ ಜಾರ್ತದೆ, ಉಂಬಳ, ನಾಟಿ ಮಾಡುವವರಿಗೆ ನಾವು ಅಡ್ಡ. ಬರುವ ಚಳಿಗಾಲಕ್ಕೆ ಬಸ್ರೂರು ಅಂತ ಮಕ್ಕಳು ಈಗಲೇ ಹೇಳ್ತಿದ್ದಾರೆ, 1665ರಲ್ಲಿ ಶಿವಾಜಿ ಹಡಗಲ್ಲಿ ಬಂದ ಊರು ಅಂತ ಅವರಪ್ಪ ಹೇಳಿದ್ದೇ ತಪ್ಪಾಯ್ತು. ಅಲ್ಲಿ ಕೇರಿ ಕೇರಿ ನಡೆದವರು ಯಾರಾದ್ರೂ ಇದ್ರೆ ನೆರಳಿನ ದಾರಿ ಯಾವುದು, ಟಾಯ್ಲೆಟ್ ಎಲ್ಲಿ ಸಿಗ್ತದೆ, ಇದೆರಡು ಹೇಳಿ, ಉಳಿದದ್ದು ನಾವು ಹೇಗಾದ್ರೂ ನೋಡ್ಕೊಳ್ತೇವೆ.