944 ಟರ್ಬೊ ವೇಸ್ಟ್‌ಗೇಟ್: ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಿದ ಬಗೆ

ಪೋರ್ಷೆ 944 ಟರ್ಬೊದಲ್ಲಿ ಬೂಸ್ಟ್ (ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಒತ್ತಡ) ಕಡಿಮೆಯಾದರೆ ಎಲ್ಲರೂ ಮೊದಲು ಕೈ ತೋರಿಸುವುದು ಟರ್ಬೊ ಕಡೆಗೆ. ನನ್ನ ಕೈಗೆ ಬಂದ 220 ಅಶ್ವಶಕ್ತಿಯ 2.5 ಲೀಟರ್ ಕಾರಿನಲ್ಲೂ ಅದೇ ಆಗಿತ್ತು. ಟರ್ಬೊ ಶಾಫ್ಟ್ ಚೆನ್ನಾಗಿತ್ತು, ಎಣ್ಣೆ ಸೋರಿಕೆಯೂ ಇರಲಿಲ್ಲ. ಆದರೂ ಡ್ಯಾಶ್‌ಬೋರ್ಡಿನ ಮುಳ್ಳು 1.4 ದಾಟುತ್ತಿರಲಿಲ್ಲ. ಈ ಗೇಜ್ ವಾತಾವರಣದ ಒತ್ತಡವನ್ನೂ ಸೇರಿಸಿ ತೋರಿಸುತ್ತದೆ. ಎಂಜಿನ್ ನಿಂತಾಗ 1 ತೋರಿಸಬೇಕು, ಪೂರ್ತಿ ಬೂಸ್ಟ್‌ನಲ್ಲಿ 1.75ರ ಹತ್ತಿರ ಹೋಗಬೇಕು. ಅಂದರೆ ನಿಜವಾದ ಬೂಸ್ಟ್ 0.75 ಬಾರ್. ಹಾಗಾಗಿ ಅನುಮಾನ ಹೋದದ್ದು ವೇಸ್ಟ್‌ಗೇಟಿನ ಮೇಲೆ: ಬೂಸ್ಟ್ ಮಿತಿ ಮುಟ್ಟಿದಾಗ ಎಕ್ಸಾಸ್ಟ್ ಹೊಗೆಯನ್ನು ಟರ್ಬೊ ತಪ್ಪಿಸಿ ಹೊರಬಿಡುವ ಬಾಗಿಲು ಅದು.

ನಮ್ಮ ಡೀಸೆಲ್ ಕಾರುಗಳ ಟರ್ಬೊ ಬಿಚ್ಚಿದವರಿಗೆ ಗೊತ್ತಿರುವ ವೇಸ್ಟ್‌ಗೇಟ್ ಎಂದರೆ ಒಂದು ಡಬ್ಬಿ, ಅದಕ್ಕೊಂದು ಕಡ್ಡಿ. ಡಬ್ಬಿ ಹೋದರೆ ಹೊಸದು ಹಾಕಿದರಾಯಿತು. 944ರದ್ದು ಹಾಗಲ್ಲ. ಎಕ್ಸಾಸ್ಟ್ ಹೊಗೆಯನ್ನು ಟರ್ಬೊಗೆ ಒಯ್ಯುವ ಅಡ್ಡ ಪೈಪಿನ ಮೇಲೆ, ಕಾರಿನ ಅಡಿಯಲ್ಲಿ, ಪ್ರತ್ಯೇಕ ಎರಕದ ಗೂಡಿನಲ್ಲಿ ಕೂತಿರುತ್ತದೆ. ಒಳಗೆ ಎಂಜಿನ್ ವಾಲ್ವ್‌ನಂಥದ್ದೇ ಒಂದು ವಾಲ್ವ್, ಅದರ ಸೀಟು, ಅದರ ಕಡ್ಡಿ ಆಡುವ ಗೈಡ್, ಬೂಸ್ಟ್ ಗಾಳಿ ಒತ್ತಿದಾಗ ವಾಲ್ವ್ ತೆರೆಯುವ ಡಯಾಫ್ರಮ್ ಎಂಬ ಪೊರೆ, ವಾಲ್ವನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗ್. ಎಲ್ಲವನ್ನೂ ಬಿಚ್ಚಬಹುದು.

ಬಿಚ್ಚುವ ಮೊದಲು ಬೇರೆ ಅನುಮಾನಗಳನ್ನು ಕಳೆದುಕೊಳ್ಳಬೇಕು. ಇಂಟರ್‌ಕೂಲರ್ ಪೈಪುಗಳ ರಬ್ಬರ್ ಉಂಗುರಗಳು, ಹೋಸುಗಳು, ಕ್ಲ್ಯಾಂಪುಗಳು ಇವನ್ನೆಲ್ಲ ಗಾಳಿ ತುಂಬಿ, ಸೋಪು ನೀರು ಹಚ್ಚಿ ನೋಡಿದೆ. ಆಮೇಲೆ ಸೈಕ್ಲಿಂಗ್ ವಾಲ್ವ್, ಅಂದರೆ ವೇಸ್ಟ್‌ಗೇಟಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್. ವಿದ್ಯುತ್ ಇಲ್ಲದಾಗ ಅದು ಬೂಸ್ಟ್ ಗಾಳಿಯನ್ನು ವೇಸ್ಟ್‌ಗೇಟಿಗೆ ಬಿಡುತ್ತದೆ, 12 ವೋಲ್ಟ್ ಕೊಟ್ಟಾಗ ಟರ್ಬೊ ಮುಂದಿನ ಗಾಳಿದಾರಿಗೆ ತಿರುಗಿಸುತ್ತದೆ. ಬಾಯಿಂದ ಊದಿದರೇ ತಿಳಿಯುತ್ತದೆ. ಕೊನೆಗೆ ವೇಸ್ಟ್‌ಗೇಟಿನ ಗಾಳಿ ಪೈಪಿಗೆ ಗೇಜ್ ಇರುವ ಕೈಪಂಪು ಹಚ್ಚಿ 0.5 ಬಾರ್ ಕೊಟ್ಟೆ. ಮುಳ್ಳು ಇಪ್ಪತ್ತು ಸೆಕೆಂಡಿನಲ್ಲಿ ಸೊನ್ನೆಗೆ ಬಂತು. ಡಯಾಫ್ರಮ್ ಹರಿದಿದೆ ಎಂದುಕೊಂಡೆ. ಆದರೆ ಇಲ್ಲೊಂದು ವಿಷಯ: ಡಯಾಫ್ರಮ್ ಹರಿದರೆ ವಾಲ್ವ್ ಸರಿಯಾಗಿ ತೆರೆಯುವುದಿಲ್ಲ, ಬೂಸ್ಟ್ ಏರಬೇಕು, ಇಳಿಯಬಾರದು. ಇಳಿದಿದೆ ಎಂದರೆ ಎರಡನೇ ದೋಷವೂ ಇದೆ. ಡಯಾಫ್ರಮ್ ಮಾತ್ರ ಬದಲಿಸಿ ಮುಚ್ಚಿಬಿಟ್ಟಿದ್ದರೆ ದುಡಿದ ಶ್ರಮವೆಲ್ಲ ದಂಡ.

ಕಳಚುವ ಕೆಲಸದಲ್ಲಿ ನಿಜವಾದ ಶತ್ರು ತುಕ್ಕು. ಎರಡು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟೆ. ಎಣ್ಣೆಯನ್ನು ಪೂರ್ತಿ ಒರೆಸಿದ ಮೇಲೆ ನಟ್ಟನ್ನು ಗ್ಯಾಸ್ ಜ್ವಾಲೆಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ, ಬಿಚ್ಚುವ ದಿಕ್ಕಿಗೆ ತಿರುಗಿಸುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿದೆ. ಆಗ ಥ್ರೆಡ್ಡಿನಲ್ಲಿ ಕಚ್ಚಿದ ತುಕ್ಕು ಒಡೆಯುತ್ತದೆ. ಹೀಗೆ ಮಾಡಿಯೂ ಒಂದು ಸ್ಟಡ್ ಮುರಿಯಿತು, ಡ್ರಿಲ್ ಮಾಡಿ ತೆಗೆಯಬೇಕಾಯಿತು. ಹಳೆಯ ನಟ್ಟುಗಳನ್ನು ಮತ್ತೆ ಬಳಸುವ ಮಾತೇ ಇಲ್ಲ, ತಾಮ್ರ ಲೇಪದ ಹೊಸ ಎಂ8 ನಟ್ಟುಗಳನ್ನು ಮೊದಲೇ ತಂದಿಟ್ಟುಕೊಳ್ಳಿ.

ಮುಚ್ಚಳದ ಕೆಳಗೆ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ. ಬೋಲ್ಟುಗಳನ್ನೆಲ್ಲ ಒಟ್ಟಿಗೆ ತೆಗೆದರೆ ಮುಚ್ಚಳ ಮುಖಕ್ಕೆ ಹಾರುತ್ತದೆ. ಎದುರುಬದುರು ಇರುವ ಎರಡು ಬೋಲ್ಟು ತೆಗೆದು, ಆ ಜಾಗಕ್ಕೆ ಉದ್ದನೆಯ ಎರಡು ಬೋಲ್ಟು ಹಾಕಿ, ಉಳಿದವನ್ನು ಬಿಚ್ಚಿ, ಆಮೇಲೆ ಉದ್ದ ಬೋಲ್ಟುಗಳನ್ನು ಅರ್ಧರ್ಧ ಸುತ್ತಿನಂತೆ ಸಡಿಲಿಸಿದೆ. ಮುಚ್ಚಳ ಮತ್ತು ಗೂಡಿನ ಮೇಲೆ ಸೆಂಟರ್ ಪಂಚ್‌ನಿಂದ ಗುರುತು ಹಾಕುವುದು ಅದಕ್ಕೂ ಮೊದಲೇ. ನಡುವಿನ ನಟ್ಟು ಬಿಚ್ಚುವಾಗ ವಾಲ್ವ್ ಕಡ್ಡಿಯನ್ನು ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಡಯಾಫ್ರಮ್ ತಿರುಚುತ್ತದೆ. ನನ್ನದು ಬೋಲ್ಟ್ ತೂತಿನ ಅಂಚಿನಲ್ಲೇ ಹರಿದಿತ್ತು. ಹಿಂದೊಮ್ಮೆ ಯಾರೋ ತಿರುಚಿಯೇ ಕೂರಿಸಿದ್ದರು.

ಎರಡನೇ ದೋಷ ಸಿಕ್ಕಿದ್ದು ಒಳಗೆ. ಗೈಡಿನಲ್ಲಿ ಮಸಿ ಗಟ್ಟಿಯಾಗಿ, ವಾಲ್ವ್ ಪೂರ್ತಿ ಕೂರದೆ ಒಂದು ಬದಿ ಕೂದಲಿನಷ್ಟು ತೆರೆದೇ ಇತ್ತು. ಸೀಟಿನ ಆ ಭಾಗ ಬಿಸಿ ಹೊಗೆ ತಗುಲಿ ಬೂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದಿತ್ತು. ಗೈಡನ್ನು ಕಾರ್ಬ್ಯುರೇಟರ್ ಕ್ಲೀನರ್ ಮತ್ತು ಹಿತ್ತಾಳೆ ಬ್ರಷ್‌ನಿಂದ ತೊಳೆದೆ. ರೀಮರ್ ಹಾಕಿದರೆ ತೂತು ದೊಡ್ಡದಾಗಿ ಹೊಗೆ ಮೇಲೇರಿ ಹೊಸ ಡಯಾಫ್ರಮನ್ನೂ ಸುಡುತ್ತದೆ. ಕಡ್ಡಿಗೆ 600, ಆಮೇಲೆ 1000 ನಂಬರಿನ ಮರಳುಕಾಗದ, ಉದ್ದುದ್ದಕ್ಕೆ ಮಾತ್ರ.

ಸೀಟಿಗೆ ಮಾಮೂಲಿ ವಾಲ್ವ್ ಉಜ್ಜುವ ಪೇಸ್ಟ್: ಮೊದಲು ಒರಟು, ಆಮೇಲೆ ನಯ. ಎಲ್ಲಿ ತಾಗುತ್ತದೆ ಎಂದು ತೋರಿಸುವ ಪ್ರಷ್ಯನ್ ಬ್ಲೂ ಬಣ್ಣ ಹಚ್ಚಿ ನೋಡಿದಾಗ ಒಂದೂವರೆ ಮಿ.ಮೀ. ಅಗಲದ ಪಟ್ಟಿ ಸುತ್ತಲೂ ಎಲ್ಲೂ ಕಡಿಯದೆ ಕಂಡಿತು. ಪೇಸ್ಟ್ ಪೂರ್ತಿ ತೊಳೆದು ಹೋಗಲೇಬೇಕು, ಒಂದು ಕಣ ಗೈಡಿಗೆ ಹೊಕ್ಕರೆ ಅದೇ ಅರದಂತೆ ಉಜ್ಜುತ್ತದೆ. ಸೀಟಿನಲ್ಲಿ ಆರಪಾರ ಬಿರುಕಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಗೂಡೇ ಬದಲಿಸಬೇಕು.

ಸ್ಪ್ರಿಂಗ್ ವಿಚಾರಕ್ಕೆ ಸ್ವಲ್ಪ ನಿಲ್ಲಬೇಕು. ಇಲ್ಲಿ ಹೊಗೆಯ ಒತ್ತಡ ವಾಲ್ವ್ ಮುಖದ ಮೇಲೆ ತೆರೆಯುವ ದಿಕ್ಕಿಗೇ ತಳ್ಳುತ್ತದೆ. ಲೆಕ್ಕಕ್ಕೆ 30 ಮಿ.ಮೀ. ವ್ಯಾಸದ ಬಾಯಿ ತೆಗೆದುಕೊಳ್ಳಿ: ವಿಸ್ತೀರ್ಣ ಸುಮಾರು 7 ಚದರ ಸೆಂ.ಮೀ. ಟರ್ಬೊ ಮುಂದೆ 1 ಬಾರ್ ಹೊಗೆ ಒತ್ತಡ ಇದ್ದರೆ ಸ್ಪ್ರಿಂಗಿಗೆ ಎದುರಾಗಿ ಸುಮಾರು ಏಳು ಕಿಲೋ ತೂಕ ಬಿದ್ದಂತೆ. ಡಯಾಫ್ರಮಿಗೆ ಗಾಳಿಯೇ ಹೋಗದಿದ್ದರೂ ಇಷ್ಟು! ಮೂವತ್ತು ವರ್ಷ ಬಿಸಿಯಲ್ಲಿ ಬೆಂದ ಸ್ಪ್ರಿಂಗ್ ಇದಕ್ಕೆ ಸೋತು, ಬೂಸ್ಟ್ ಬರುವ ಮೊದಲೇ ಬಾಯಿ ಬಿಡುತ್ತದೆ.

ಅಳೆದದ್ದು ಹೀಗೆ. ಡ್ರಿಲ್ ಪ್ರೆಸ್ ಕೆಳಗೆ ಮನೆಯ ತೂಕದ ಯಂತ್ರ, ಅದರ ಮೇಲೆ ಸ್ಪ್ರಿಂಗ್, ಮೇಲೊಂದು ದಪ್ಪ ವಾಷರ್. ಒಳಗೆ ಕೂತಾಗ ಎಷ್ಟು ಎತ್ತರವೋ ಅಷ್ಟಕ್ಕೆ ಪ್ರೆಸ್ಸನ್ನು ಇಳಿಸಿ ತೂಕ ಓದಿದೆ. ಹೊಸ ಸ್ಪ್ರಿಂಗಿಗಿಂತ ಹಳೆಯದು ಆರು ಕಿಲೋ ಕಡಿಮೆ ತೋರಿಸಿತು. ಹೊಸದನ್ನೇ ಹಾಕಿದೆ. ಹಳೆಯದರ ಕೆಳಗೆ ವಾಷರ್ ಸೇರಿಸಿ ಬಿಗಿ ಮಾಡುವವರಿದ್ದಾರೆ. ಆಗ ವಾಲ್ವ್ ಪೂರ್ತಿ ತೆರೆದಾಗಲೂ ಸುರುಳಿಗಳು ಒಂದಕ್ಕೊಂದು ತಾಗುವುದಿಲ್ಲವೇ ಎಂದು ನೋಡಿ. ತಾಗಿದರೆ ವಾಲ್ವ್ ಅರ್ಧಕ್ಕೇ ನಿಲ್ಲುತ್ತದೆ, ಬೂಸ್ಟ್ ಕೈಮೀರುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಡಯಾಫ್ರಮ್ ಸಿಲಿಕೋನ್ ಲೇಪದ ಬಟ್ಟೆಯದ್ದೇ ಆಗಬೇಕು. ಟ್ಯೂಬಿನ ರಬ್ಬರ್ ಕತ್ತರಿಸಿ ಹಾಕಿದರೆ ಆ ಬಿಸಿಗೆ ಹಪ್ಪಳವಾಗುತ್ತದೆ. ಕಡ್ಡಿಗೆ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಹಚ್ಚಲಿಲ್ಲ, ಸುಟ್ಟು ಮತ್ತೆ ಮಸಿಯೇ ಆಗುತ್ತದೆ. ಮುಚ್ಚಳದ ಬೋಲ್ಟುಗಳನ್ನು ಎದುರುಬದುರಾಗಿ ಮೂರು ಸುತ್ತಿನಲ್ಲಿ 9 ನ್ಯೂಟನ್ ಮೀಟರ್‌ಗೆ ಬಿಗಿದೆ. ಮತ್ತೆ ಕೈಪಂಪು: 0.5 ಬಾರ್ ಐದು ನಿಮಿಷ ಕದಲಲಿಲ್ಲ. ವಾಲ್ವ್ ಮುಖಕ್ಕೆ ಡಯಲ್ ಗೇಜ್ ತಾಗಿಸಿ ಒತ್ತಡ ಏರಿಸಿ ಇಳಿಸಿದೆ. ಮುಳ್ಳು ಹೋದ ದಾರಿಯಲ್ಲೇ ಸೊನ್ನೆಗೆ ವಾಪಸ್ ಬರಬೇಕು, ನಡುವೆ ಎಳೆದರೆ ಗೈಡ್ ಇನ್ನೂ ಹಿಡಿಯುತ್ತಿದೆ.

ಕಾರಿಗೆ ಹಾಕುವಾಗ ಹೊಸ ಗ್ಯಾಸ್ಕೆಟ್, ಸ್ಟಡ್‌ಗಳಿಗೆ ತಾಮ್ರದ ಪೇಸ್ಟ್, ಎಂ8 ನಟ್ಟುಗಳಿಗೆ 22 ನ್ಯೂಟನ್ ಮೀಟರ್. ರಸ್ತೆ ಪರೀಕ್ಷೆ ಮೂರನೇ ಗೇರಿನಲ್ಲಿ, 2500 ಆರ್‌ಪಿಎಂನಿಂದ ಮೇಲಕ್ಕೆ, ಪಕ್ಕದಲ್ಲಿ ಗೇಜ್ ನೋಡಲು ಒಬ್ಬರು. 1.8 ದಾಟಿ ಏರುತ್ತಿದ್ದರೆ ತಕ್ಷಣ ಕಾಲು ತೆಗೆಯಬೇಕು. ಕಾರ್ಖಾನೆಯ ಅಂಕಿಯಲ್ಲಿ ಗರಿಷ್ಠ ಟಾರ್ಕ್ 330 ನ್ಯೂಟನ್ ಮೀಟರ್ ಬರುವುದು 3500ಕ್ಕೆ, ಹಾಗಾಗಿ ಬೂಸ್ಟ್ ಅಷ್ಟರೊಳಗೆ ತುಂಬಿರಬೇಕು. ಮುಳ್ಳು 3400ಕ್ಕೆ 1.75 ಮುಟ್ಟಿ ಅಲ್ಲೇ ನಿಂತಿತು. ಎರಡು ಸಲ ಕಾದು ತಣಿದ ಮೇಲೆ ಅಡಿಗೆ ಹೋಗಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿದಾಗ ಅವುಗಳಲ್ಲಿ ಎರಡು ನಟ್ಟುಗಳು ಕಾಲು ಸುತ್ತಿನಷ್ಟು ತಿರುಗಿದವು.