ನೆಲ, ಮುಗಿಲು, ಬೆಟ್ಟ: ತಿರುಗಿಸಿ ನೋಡುವ ಎಂಟು ಮುಖದ ಶಿಲ್ಪ ಮಾಡುವ ಬಗೆ

ಬಯಲಿಗೆ ಅಂತ ನಾನು ಮಾಡಿದ ಮೊದಲ ಶಿಲ್ಪ ತುಂಬಾ ಚೆನ್ನಾಗಿತ್ತು. ಅದೇ ಅದರ ತೊಂದರೆ. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಹಿಂದೆ ಅಷ್ಟು ದೊಡ್ಡ ಬೆಟ್ಟ ಇತ್ತು, ಒಬ್ಬರೂ ಆ ಕಡೆ ತಿರುಗಿ ನೋಡಲಿಲ್ಲ. ಎರಡನೆಯದು ಕಟ್ಟುವಾಗ ಒಂದು ಕರಾರು ಹಾಕಿಕೊಂಡೆ: ಜನ ಕೈ ಹಾಕಿ ಏನಾದರೂ ಮಾಡಬೇಕು, ಮಾಡಿದರೆ ಕಾಣಬೇಕಾದ್ದು ಸುತ್ತಲಿನ ನೆಲವೇ. ಅದನ್ನು ಮಾಡಿದ ಬಗೆ ಇಲ್ಲಿದೆ.

ಆಕಾರ ಅಷ್ಟಮುಖಿ. ಎರಡು ಪಿರಮಿಡ್‌ಗಳ ಬುಡ ಸೇರಿಸಿದ ಹಾಗೆ: 8 ತ್ರಿಕೋನ ಮುಖ, 12 ಅಂಚು, 6 ಮೂಲೆ. ಇದನ್ನೇ ಯಾಕೆ ಆರಿಸಿದೆ ಅಂದರೆ ಎಲ್ಲವೂ ತ್ರಿಕೋನ. ನಾಲ್ಕು ಕೋಲಿನ ಚೌಕವನ್ನು ಒತ್ತಿದರೆ ವಾಲುತ್ತದೆ, ಮೂರು ಕೋಲಿನ ತ್ರಿಕೋನ ವಾಲುವುದಿಲ್ಲ. ವೆಲ್ಡಿಂಗ್ ಬರದವರೂ ಬೋಲ್ಟ್ ಹಾಕಿಯೇ ಕಟ್ಟಬಹುದು.

ಇನ್ನೊಂದು ಕಾರಣ ರಟ್ಟಿನ ಮಾದರಿ ಮಾಡಿದಾಗ ಗೊತ್ತಾಯಿತು. ಒಂದು ಮೂಲೆಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ಪ್ರತಿ ಮುಖವೂ ನೆಲಮಟ್ಟಕ್ಕೆ ಸುಮಾರು 55 ಡಿಗ್ರಿ ಓರೆಯಾಗಿರುತ್ತದೆ. ಮೇಲಿನ ಮುಖಕ್ಕೆ ಕನ್ನಡಿ ಹಾಕಿ ನೇರ ನೋಡಿದರೆ ಕಾಣುವುದು ನಿಮ್ಮ ಮುಖವಲ್ಲ, ಹೆಚ್ಚುಕಡಿಮೆ ನೆತ್ತಿಯ ಮೇಲಿನ ಆಕಾಶ. ಕೆಳಗಿನ ಮುಖದಲ್ಲಿ ಕಾಣುವುದು ನಿಮ್ಮ ಕಾಲ ಮುಂದಿನ ಹುಲ್ಲು, ಹತ್ತಿರ ನಿಂತರೆ ನಿಮ್ಮ ಕಾಲ್ಬೆರಳುಗಳು. ಸೆಲ್ಫಿಗೆ ಜಾಗವೇ ಇಲ್ಲ! ಆ ದಿನ ಬೇರೆಲ್ಲ ಯೋಚನೆ ಬಿಟ್ಟೆ.

ಎಂಟು ಮುಖಕ್ಕೂ ಕನ್ನಡಿ ಹಾಕಬೇಡಿ. ನಾಲ್ಕಕ್ಕೆ ಸಾಕು: ಒಂದು ಬದಿಯ ಮೇಲಿನದು, ಕೆಳಗಿನದು, ಅದಕ್ಕೆ ಎದುರು ಬದಿಯ ಮೇಲಿನದು, ಕೆಳಗಿನದು. ಉಳಿದ ನಾಲ್ಕು ಖಾಲಿ. ಈಗ ಶಿಲ್ಪವನ್ನು ಕಾಲು ಸುತ್ತು ತಿರುಗಿಸಿದರೆ ಆಕಾಶವೂ ಕಾಲೂ ಮಾಯವಾಗಿ, ಖಾಲಿ ಚೌಕಟ್ಟಿನೊಳಗೆ ಬೆಟ್ಟ ಬಂದು ಕೂರುತ್ತದೆ. ಮೊದಲ ಸಲ ನಾನು ಕನ್ನಡಿಗಳನ್ನು ಒಂದೇ ಬದಿಗೆ ಹಾಕಿದ್ದೆ. ಗಾಳಿ ಬೀಸಿದ್ದೇ ತಡ, ಅದು ಗಾಳಿಕೋಳಿಯ ಹಾಗೆ ತಾನೇ ತಿರುಗಿತು. ಎದುರುಬದುರು ಹಾಕಿದ ಮೇಲೆ ಸುಮ್ಮನಾಯಿತು.

ಅಂಚುಗಳಿಗೆ 25 ಮಿ.ಮೀ. ದುಂಡು ಕಬ್ಬಿಣದ ಪೈಪ್, 12 ತುಂಡು. ಪ್ರತಿ ತುದಿಯ ಒಂದಷ್ಟು ಭಾಗವನ್ನು ವೈಸ್‌ನಲ್ಲಿ ಒತ್ತಿ ಚಪ್ಪಟೆ ಮಾಡಿ, ತೂತು ಕೊರೆದು, ಚಪ್ಪಟೆ ಭಾಗವನ್ನು 45 ಡಿಗ್ರಿ ಬಗ್ಗಿಸಬೇಕು. ತೂತಿನಿಂದ ತೂತಿಗೆ ಒಂದು ಮೀಟರ್. ಹನ್ನೆರಡೂ ಒಂದೇ ಅಳತೆ ಬರಬೇಕು, ಇಲ್ಲಿ ಅವಸರ ಮಾಡಿದರೆ ಕೊನೆಯ ಬೋಲ್ಟ್ ಕೂರುವುದೇ ಇಲ್ಲ. ಮೊದಲ ತುಂಡನ್ನೇ ಅಚ್ಚಾಗಿ ಇಟ್ಟುಕೊಂಡು ಉಳಿದವನ್ನು ಕೊರೆಯಿರಿ. ಪ್ರತಿ ಮೂಲೆಯಲ್ಲಿ ನಾಲ್ಕು ತುದಿಗಳು ಒಂದರ ಮೇಲೊಂದು ಕೂತು ಒಂದೇ ಬೋಲ್ಟ್‌ಗೆ ಸೇರುತ್ತವೆ. ಎಲ್ಲ ಸಡಿಲವಾಗಿ ಜೋಡಿಸಿ, ಕೊನೆಗೆ ಬಿಗಿ ಮಾಡಿ. ನಿಂತಾಗ ತುದಿಯಿಂದ ತುದಿಗೆ 1.41 ಮೀಟರ್ ಎತ್ತರ ಬರುತ್ತದೆ.

ಕನ್ನಡಿ ವಿಷಯದಲ್ಲಿ ನಾನು ಜಾಸ್ತಿ ಪೆಟ್ಟು ತಿಂದಿದ್ದೇನೆ. ಮೊದಲು ಅಕ್ರಿಲಿಕ್ ತಂದೆ. ಹಗುರ, ಅಗ್ಗ. ಆದರೆ ಚಳಿಯಿಂದ ಬಿಸಿಲಿಗೆ 40 ಡಿಗ್ರಿ ವ್ಯತ್ಯಾಸವಾದರೆ ಒಂದು ಮೀಟರ್ ಅಕ್ರಿಲಿಕ್ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಸ್ಕ್ರೂ ಬಿಗಿಯಾಗಿತ್ತು, ತೂತಿನಿಂದಲೇ ಬಿರುಕು ಬಿಟ್ಟಿತು. ಸ್ಟೇನ್‌ಲೆಸ್ ಸ್ಟೀಲ್ ಅಷ್ಟೇ ಬಿಸಿಗೆ ಹಿಗ್ಗುವುದು ಒಂದು ಮಿ.ಮೀ.ಗಿಂತ ಕಡಿಮೆ. ಈಗ ಅದನ್ನೇ ಬಳಸುತ್ತೇನೆ, ತೂತನ್ನೂ ಉದ್ದುದ್ದ ಕೊರೆಯುತ್ತೇನೆ. ಸಮುದ್ರದ ಹತ್ತಿರ ಇಡುವುದಾದರೆ 304 ಬೇಡ, 316 ದರ್ಜೆ ತನ್ನಿ. ಉಪ್ಪುಗಾಳಿಯನ್ನು ಅದು ಚೆನ್ನಾಗಿ ತಡೆಯುತ್ತದೆ.

ತಗಡಿನ ತ್ರಿಕೋನದ ಬದಿ 94 ಸೆಂ.ಮೀ. ಇರಲಿ, ಮೂಲೆಗಳನ್ನು ಕತ್ತರಿಸಿ ಮೊಂಡು ಮಾಡಿ. ನಾನು 90 ಮಾಡಿದ್ದೆ. ಪೈಪಿಗೂ ತಗಡಿಗೂ ನಡುವೆ ಒಂದೂವರೆ ಸೆಂ.ಮೀ. ಸಂದು ಉಳಿಯಿತು, ಸರಿಯಾಗಿ ಮಕ್ಕಳ ಬೆರಳು ಸಿಕ್ಕಿಹಾಕಿಕೊಳ್ಳುವಷ್ಟು. 94 ಆದರೆ ಸಂದು ಅರ್ಧ ಸೆಂ.ಮೀ. ಮಾತ್ರ, ಬೆರಳು ಹೋಗುವುದಿಲ್ಲ.

ಇನ್ನೊಂದು ಎಡವಟ್ಟು ಮೇಲಿನ ಮುಖದ್ದು. ಅದು ಸುಮಾರು 70 ಡಿಗ್ರಿ ಎತ್ತರದ ಆಕಾಶವನ್ನು ಕಣ್ಣಿಗೆ ತರುತ್ತದೆ ಅಲ್ವಾ? ಸೂರ್ಯ ಅಲ್ಲಿಗೇ ಬಂದರೆ ಅವನನ್ನೂ ತರುತ್ತದೆ. ನಡುಹಗಲಲ್ಲಿ ಇಣುಕಿ ನಾನೇ ಕಣ್ಣು ಮುಚ್ಚಿಕೊಂಡು ಹಿಂದೆ ಸರಿದೆ. ಹಾಗಾಗಿ ಮೇಲಿನ ಎರಡಕ್ಕೆ ಹೊಳಪು ಬೇಡ, ಬ್ರಷ್ ಮಾಡಿದ ಮಂಕು ಸ್ಟೀಲ್ ಹಾಕಿ. ಮೋಡ ಬಂದಾಗ ಬೂದು, ಸಂಜೆ ಕೆಂಪು, ಬಣ್ಣ ಮಾತ್ರ ಹಿಡಿಯುತ್ತದೆ. ನಿಜ ಹೇಳಬೇಕೆಂದರೆ ಕನ್ನಡಿಗಿಂತ ಇದೇ ನನಗೆ ಇಷ್ಟ. ಕೆಳಗಿನ ಎರಡಕ್ಕೆ ಮಾತ್ರ ಕನ್ನಡಿ ಹೊಳಪು. ಅದರ ಮೇಲೆ 5 ಸೆಂ.ಮೀ.ಗೊಂದರಂತೆ ತೆಳು ಗೆರೆ ಕೊರೆಸಿ. ಇಲ್ಲದಿದ್ದರೆ ಹಕ್ಕಿಗಳು ಒಳಗಿನ ಹುಲ್ಲನ್ನು ನಿಜ ಅಂದುಕೊಂಡು ಬಂದು ಬಡಿಯುತ್ತವೆ.

ತಿರುಗುವುದಕ್ಕೆ ಹಳೆಯ ಕಾರಿನ ಹಿಂದಿನ ಚಕ್ರದ ಹಬ್, ಅಂದರೆ ಚಕ್ರ ಕೂರುವ ನಡುಭಾಗ, ಸಾಕು. ಬೇರಿಂಗ್ ಅದರಲ್ಲೇ ಇರುತ್ತದೆ, ಪಕ್ಕದ ಎಳೆತವನ್ನೂ ತಡೆಯುತ್ತದೆ. ಆದರೆ ಸರಾಗವಾಗಿ ತಿರುಗಲು ಬಿಟ್ಟರೆ ಮಕ್ಕಳು ಬುಗುರಿ ಮಾಡಿಬಿಡುತ್ತಾರೆ. ನೈಲಾನ್ ವಾಷರ್ ಒಂದನ್ನು ಸ್ಪ್ರಿಂಗ್‌ನಿಂದ ಒತ್ತಿಸಿ. ಬಿಟ್ಟಲ್ಲೇ ನಿಲ್ಲಬೇಕು, ಬಾವಿಯ ರಾಟೆಯ ಹಾಗೆ ಓಡಬಾರದು. ಫಲಕ ಬರೆದು ಹಾಕಬೇಡಿ, ಯಾರೂ ಓದುವುದಿಲ್ಲ. ನಡುಮಟ್ಟದಲ್ಲಿ ಅಡ್ಡ ಬರುವ ಪೈಪಿಗೆ ಹಗ್ಗ ಸುತ್ತಿ. ಹಗ್ಗ ಕಂಡರೆ ಕೈ ತಾನಾಗಿ ಹೋಗುತ್ತದೆ.

ಶಿಲ್ಪವನ್ನು ಹೊರುವ ಕಂಬದ ಎತ್ತರ ಹಬ್ ಸೇರಿ 45 ಸೆಂ.ಮೀ. ಆಗ ನಡುವಿನ ಅಂಚು 115 ಸೆಂ.ಮೀ.ಗೆ ಬರುತ್ತದೆ, ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ. ಪುಟ್ಟ ಮಕ್ಕಳಿಗೆ ಮೊದಲು ನೆಲ ಕಾಣುತ್ತದೆ, ದೊಡ್ಡವರಿಗೆ ಮುಗಿಲು. ನೆಲ ನೋಡಬೇಕಾದರೆ ದೊಡ್ಡವರು ಬಗ್ಗಲೇಬೇಕು. ಬಗ್ಗಲಿ ಬಿಡಿ.

ಗಾಳಿಯ ಲೆಕ್ಕ ಬಿಡಬೇಡಿ. ಗಂಟೆಗೆ 108 ಕಿ.ಮೀ. ಗಾಳಿ ಎದುರಿಗೆ ಬಡಿದರೆ ಒಂದು ಚದರ ಮೀಟರಿಗೆ ಸುಮಾರು 56 ಕೆ.ಜಿ. ಒತ್ತಡ. ನಮ್ಮ ತಗಡು ಒಂದಕ್ಕೆ 21 ಕೆ.ಜಿ. ಆಯಿತು. 40 ಸೆಂ.ಮೀ. ಚೌಕ, 60 ಆಳದ ಗುಂಡಿಗೆ ಕಾಂಕ್ರೀಟ್ ತುಂಬಿದರೆ 230 ಕೆ.ಜಿ. ಬುಡ ಸಿಗುತ್ತದೆ. ನನ್ನ ಜಾಗಕ್ಕೆ ಅದು ಸಾಕಾಯಿತು. ಸಡಿಲ ಮಣ್ಣಾಗಿದ್ದರೆ, ಅಥವಾ ಸಾರ್ವಜನಿಕ ಜಾಗವಾಗಿದ್ದರೆ, ಎಂಜಿನಿಯರ್ ಒಬ್ಬರಿಗೆ ತೋರಿಸಿ. ಮರದ ಬೇರು ಸಿಕ್ಕರೆ ಬೇರು ಕಡಿಯಬೇಡಿ, ಗುಂಡಿಯನ್ನು ಸರಿಸಿ.

ಜಾಗ ಆರಿಸುವುದನ್ನು ಮೊದಲೇ ಹೇಳಬೇಕಿತ್ತು. ಸಮತಟ್ಟು ಜಾಗವೇ ಬೇಕೆಂದಿಲ್ಲ, ಏರುತಗ್ಗು ಇದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಕಲಾವಿದ ವಾಲ್ಟರ್ ಡಿ ಮರಿಯಾ 1977ರಲ್ಲಿ 'ಲೈಟ್ನಿಂಗ್ ಫೀಲ್ಡ್' ಮಾಡಿದಾಗ 400 ಸ್ಟೀಲ್ ಕಂಬ ನೆಟ್ಟರು. ಕಂಬಗಳ ಉದ್ದ ಬೇರೆ ಬೇರೆ, ತುದಿಗಳೆಲ್ಲ ಒಂದೇ ಮಟ್ಟ. ಮೇಲೆ ಅಷ್ಟು ಸಮ ಇರುವುದರಿಂದಲೇ ಕೆಳಗಿನ ನೆಲದ ಅಂಕುಡೊಂಕು ತಿಳಿಯುತ್ತದೆ. ನಮ್ಮ ಶಿಲ್ಪದ ನಡುವಿನ ಅಂಚೂ ಅದೇ ಕೆಲಸ ಮಾಡುತ್ತದೆ. ಸ್ಪಿರಿಟ್ ಲೆವೆಲ್ ಇಟ್ಟು ಅದನ್ನು ಪಕ್ಕಾ ಮಟ್ಟ ಮಾಡಿ. ಒಂದು ಡಿಗ್ರಿ ವಾಲಿದರೂ ಬೆಟ್ಟದ ಬದಲು ಶಿಲ್ಪವೇ ಸೊಟ್ಟ ಅನ್ನಿಸುತ್ತದೆ.

ಕಾಂಕ್ರೀಟ್ ಹಾಕುವ ಮೊದಲು ಪೈಪಿನ ಚೌಕಟ್ಟನ್ನು ಸುಮ್ನೆ ಒಂದು ಡ್ರಮ್ ಮೇಲೆ ನಿಲ್ಲಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನೋಡಿ. ಬೆಳಿಗ್ಗೆ, ಸಂಜೆ ತಗ್ಗಿನಲ್ಲಿರುವ ಸೂರ್ಯನ ಬೆಳಕು ತಗಡಿಗೆ ಬಡಿದು ರಸ್ತೆಗೆ ಹೋಗುತ್ತದೆಯೇ ಅಂತಲೂ ಪರೀಕ್ಷಿಸಿ. ನಾನು ಹೀಗೆ ಮೂರು ಸಲ ಜಾಗ ಬದಲಿಸಿದೆ.

ನಿಲ್ಲಿಸಿದ ತಿಂಗಳಿಗೆ ಎಲ್ಲ ಬೋಲ್ಟ್‌ಗಳನ್ನೂ ಒಮ್ಮೆ ಬಿಗಿ ಮಾಡಿ. ಚಪ್ಪಟೆ ಮಾಡಿದ ಕಡೆ ಪೈಪಿನ ಬಣ್ಣ ಎದ್ದು ತುಕ್ಕು ಶುರುವಾಗಿರುತ್ತದೆ, ಅಲ್ಲಿಗೆ ಇನ್ನೊಂದು ಕೋಟ್ ಹೊಡೆಯಿರಿ. ಕೆಳಗಿನ ಕನ್ನಡಿಗೆ ಮಳೆಯ ಕೆಸರು ಹಾರಿದ್ದರೆ ನೀರಷ್ಟೇ ಹಾಕಿ ತೊಳೆಯಿರಿ, ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ.